ಸ್ನಾತಕೋತ್ತರ ಸಂಪ್ರಬಂಧ: ವಿಷಯದ ಆಯ್ಕೆಯಿಂದ ಕೊನೆಯ ಕರಡಿನವರೆಗೆ

ಸಂಪ್ರಬಂಧಕ್ಕೆ ವಿಷಯ ಸಿಕ್ಕಿತು ಎಂದು ವಿದ್ಯಾರ್ಥಿಗಳು ಹೇಳುವಾಗ ಬಹಳಷ್ಟು ಸಲ ಅವರ ಕೈಯಲ್ಲಿ ಇರುವುದು ಒಂದು ಕ್ಷೇತ್ರ ಮಾತ್ರ. ‘ನಿದ್ರೆ ಮತ್ತು ಆರೋಗ್ಯ’, ‘ಪತ್ರಿಕೆಗಳು ಮತ್ತು ಸಮಾಜ’, ‘ಮಹಿಳೆ ಮತ್ತು ದುಡಿಮೆ’ ಇವೆಲ್ಲ ಗ್ರಂಥಾಲಯದ ಕಪಾಟಿಗೆ ಅಂಟಿಸಬಹುದಾದ ಹೆಸರುಗಳು. ಅವುಗಳ ಮೇಲೆ ಜೀವಮಾನವಿಡೀ ಓದಬಹುದು. ಆದರೆ ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ಬರೆದು ಮುಗಿಸಲಾಗದು. ಕ್ಷೇತ್ರವು ಸಂಶೋಧನೆಯ ವಿಷಯವಾಗಬೇಕಾದರೆ ಅದು ಉತ್ತರ ಬೇಡುವ ಪ್ರಶ್ನೆಯಾಗಬೇಕು. ಆ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೂ ಬರುವ ಸಾಧ್ಯತೆ ಇರಬೇಕು. ಉತ್ತರ ಮೊದಲೇ ತಿಳಿದಿದ್ದರೆ ಸಂಶೋಧನೆಯ ಅಗತ್ಯವೇ ಇರುವುದಿಲ್ಲ.

ಮೇಲಿನ ಮೊದಲ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ‘ನಿದ್ರೆ ಮತ್ತು ಆರೋಗ್ಯ’ದಲ್ಲಿ ಯಾರ ನಿದ್ರೆ ಎಂದು ಕೇಳಿದರೆ ‘ಆಸ್ಪತ್ರೆಯ ದಾದಿಯರ ನಿದ್ರೆ’ ಎಂಬಲ್ಲಿಗೆ ಬರುತ್ತೇವೆ. ಯಾವ ಸಂದರ್ಭದ್ದು ಎಂದರೆ ‘ರಾತ್ರಿ ಪಾಳಿಯ ನಂತರದ ಹಗಲು ನಿದ್ರೆ’. ಯಾವುದಕ್ಕೆ ಹೋಲಿಸಿ ಎಂದು ಮತ್ತೊಮ್ಮೆ ಕೇಳಿದರೆ ಹೀಗೊಂದು ಪ್ರಶ್ನೆ ರೂಪುಗೊಳ್ಳುತ್ತದೆ: ‘ಪ್ರತಿ ವಾರ ಪಾಳಿ ಬದಲಾಗುವ ದಾದಿಯರಿಗೂ ತಿಂಗಳಿಗೊಮ್ಮೆ ಬದಲಾಗುವ ದಾದಿಯರಿಗೂ ರಾತ್ರಿ ಪಾಳಿ ಮುಗಿದ ಮೇಲಿನ ಹಗಲು ನಿದ್ರೆಯ ಅವಧಿಯಲ್ಲಿ ವ್ಯತ್ಯಾಸವಿದೆಯೇ?’ ಇದು ಚಿಕ್ಕ ಪ್ರಶ್ನೆ ಎನಿಸಬಹುದು. ಆದರೆ ಯಾರನ್ನು ಭೇಟಿಯಾಗಬೇಕು, ಏನನ್ನು ಅಳೆಯಬೇಕು, ಎರಡು ಗುಂಪುಗಳನ್ನು ಹೇಗೆ ಹೋಲಿಸಬೇಕು ಎಂಬುದನ್ನೆಲ್ಲ ಆ ಒಂದು ವಾಕ್ಯವೇ ಹೇಳುತ್ತದೆ. ಸಾಹಿತ್ಯ ಅಥವಾ ಇತಿಹಾಸದ ವಿದ್ಯಾರ್ಥಿಗೂ ದಾರಿ ಇದೇ. ‘ಪತ್ರಿಕೆಗಳು ಮತ್ತು ಸಮಾಜ’ ಎಂಬುದನ್ನು ಒಂದು ಪತ್ರಿಕೆಯ ಹತ್ತು ವರ್ಷಗಳ ಓದುಗರ ಪತ್ರಗಳಿಗೆ ಇಳಿಸಿ, ಆ ಪತ್ರಗಳಲ್ಲಿ ಒಂದು ನಿರ್ದಿಷ್ಟ ವಿವಾದ ಹೇಗೆ ಬೆಳೆಯಿತು ಎಂದು ಕೇಳಿದರೆ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕೆಂಬುದು ಸ್ಪಷ್ಟವಾಗುತ್ತದೆ.

ಪ್ರಶ್ನೆ ಸಿದ್ಧವಾದ ಮೇಲೆ ಅದನ್ನು ಒಪ್ಪಿಕೊಳ್ಳುವ ಮೊದಲು ಆಕರಗಳು ನಿಜಕ್ಕೂ ಕೈಗೆಟಕುತ್ತವೆಯೇ ಎಂದು ಖುದ್ದಾಗಿ ನೋಡಬೇಕು. ಇಲ್ಲಿ ‘ಸಿಗಬಹುದು’ ಎಂಬ ಊಹೆ ಸಾಲದು. ನಾನು ನನ್ನ ಸಂಪ್ರಬಂಧಕ್ಕೆ ಆರಿಸಿಕೊಂಡಿದ್ದ ಮೊದಲ ವಿಷಯವನ್ನು ಎರಡು ತಿಂಗಳ ನಂತರ ಕೈಬಿಡಬೇಕಾಯಿತು. ನಾನು ನಂಬಿಕೊಂಡಿದ್ದ ಹಳೆಯ ಸಂಚಿಕೆಗಳಲ್ಲಿ ಅರ್ಧದಷ್ಟು ಕಾಣೆಯಾಗಿದ್ದವು, ಉಳಿದವು ಗೆದ್ದಲು ಹಿಡಿದಿದ್ದವು. ಮೊದಲ ವಾರವೇ ಹೋಗಿ ಕಪಾಟು ತೆರೆದು ನೋಡಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು. ಸಂದರ್ಶನ ಮಾಡುವವರಾದರೆ ಇಬ್ಬರು ಮೂವರನ್ನಾದರೂ ಮೊದಲೇ ಮಾತನಾಡಿಸಿ, ಅವರು ಸಮಯ ಕೊಡುತ್ತಾರೆಯೇ ಎಂದು ತಿಳಿದುಕೊಳ್ಳಬೇಕು. ಮನುಷ್ಯರಿಂದ ಮಾಹಿತಿ ಪಡೆಯುವ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಬೇಕಾಗಬಹುದು. ಅದು ಬರಲು ವಾರಗಟ್ಟಲೆ ಹಿಡಿಯುವುದುಂಟು. ಅನುಮತಿಗೆ ಮೊದಲು ಸಂಗ್ರಹಿಸಿದ ಮಾಹಿತಿಯನ್ನು ಬಳಸುವಂತಿಲ್ಲವಾದ್ದರಿಂದ ಈ ಅರ್ಜಿಯನ್ನು ಕೊನೆಗೆ ಉಳಿಸಿಕೊಳ್ಳಬಾರದು.

ಆಸಕ್ತಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದ್ದರಿಂದ ನಾನು ಹೆಚ್ಚು ಹೇಳುವುದಿಲ್ಲ. ಮಾರ್ಗದರ್ಶಕರಿಗೆ ಆ ವಿಷಯದಲ್ಲಿ ಎಷ್ಟು ಪರಿಣತಿ ಇದೆ ಎಂಬುದೂ ನಿಮ್ಮ ಆಸಕ್ತಿಯಷ್ಟೇ ಮುಖ್ಯ.

ಹಿಂದಿನ ಅಧ್ಯಯನಗಳ ಸಮೀಕ್ಷೆಯನ್ನು ಹುಡುಕುಪದಗಳಿಂದ ಮಾತ್ರ ಮಾಡುವವರು ಬೇಗ ದಾರಿ ತಪ್ಪುತ್ತಾರೆ. ನಿಮ್ಮ ಪ್ರಶ್ನೆಗೆ ತೀರಾ ಹತ್ತಿರವಿರುವ ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ, ಅದರ ಪರಾಮರ್ಶನ ಪಟ್ಟಿಯನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಆ ಲೇಖನವನ್ನು ನಂತರ ಯಾರು ಉಲ್ಲೇಖಿಸಿದ್ದಾರೆಂದು ಗೂಗಲ್ ಸ್ಕಾಲರ್‌ನಲ್ಲಿ ನೋಡಿ ಮುಂದಕ್ಕೂ ಬರಬೇಕು. ಹೀಗೆ ಎರಡು ದಿಕ್ಕಿಗೂ ಸಾಗುತ್ತಿರುವಾಗ ಅವೇ ಹೆಸರುಗಳು ಮತ್ತೆ ಮತ್ತೆ ಎದುರಾಗತೊಡಗಿದರೆ ಓದು ಒಂದು ಹಂತಕ್ಕೆ ಬಂದಿದೆ ಎಂದು ತಿಳಿಯಬಹುದು. ಓದಿದ್ದನ್ನೆಲ್ಲ ಆಕರಗಳ ವಿವರಗಳನ್ನು ಜೋಡಿಸಿಡುವ ಜೊಟೆರೊದಂತಹ ಉಚಿತ ತಂತ್ರಾಂಶದಲ್ಲಿ ಅಂದಂದೇ ಸೇರಿಸಿಕೊಳ್ಳಬೇಕು. ಟಿಪ್ಪಣಿ ಮಾಡುವಾಗ ಲೇಖಕರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಪುಟಸಂಖ್ಯೆ ಸಹಿತವಾಗಿಯೂ ನಿಮ್ಮ ಮಾತನ್ನು ಬೇರೆಯಾಗಿಯೂ ಬರೆಯಬೇಕು. ಕೃತಿಚೌರ್ಯದ ಆರೋಪ ಹೊತ್ತವರಲ್ಲಿ ಕದಿಯುವ ಉದ್ದೇಶವಿಲ್ಲದವರೂ ಇರುತ್ತಾರೆ. ನಾಲ್ಕು ತಿಂಗಳ ಹಿಂದಿನ ಟಿಪ್ಪಣಿಯಲ್ಲಿ ಯಾವುದು ಯಾರ ವಾಕ್ಯವೆಂದು ಅವರಿಗೇ ಮರೆತುಹೋಗಿರುತ್ತದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಸೂಚಿಸುವ ಆಕರಗಳನ್ನು ಮೂಲದಲ್ಲಿ ತೆರೆದು ನೋಡದೆ ಸೇರಿಸಲೇಬಾರದು. ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರನ್ನು ಜೋಡಿಸಿಕೊಡುವ ಚಾಳಿ ಅವಕ್ಕಿದೆ.

ಅಳತೆಯ ಸಾಧನವನ್ನು ಆರಿಸುವಲ್ಲಿ ಆಗುವ ತಪ್ಪು ಬರವಣಿಗೆಯ ತಪ್ಪಿಗಿಂತ ದುಬಾರಿ, ಏಕೆಂದರೆ ಅದನ್ನು ಆಮೇಲೆ ತಿದ್ದಲಾಗದು. ದಾದಿಯರ ಉದಾಹರಣೆಗೆ ಮರಳೋಣ. ನಿದ್ರೆಯ ಅಧ್ಯಯನ ಎಂದೊಡನೆ ವಿದ್ಯಾರ್ಥಿಯು ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕದತ್ತ ಹೋಗುವುದು ಸಹಜ. 1989ರಲ್ಲಿ ಪ್ರಕಟವಾದ ಈ ಪ್ರಶ್ನಾವಳಿಯು ಉತ್ತರಿಸುವವರಿಗೆ 19 ಪ್ರಶ್ನೆಗಳನ್ನು ಕೇಳಿ 0ಯಿಂದ 21ರವರೆಗೆ ಅಂಕ ನೀಡುತ್ತದೆ; ಅಂಕ 5ನ್ನು ಮೀರಿದರೆ ನಿದ್ರೆ ಚೆನ್ನಾಗಿಲ್ಲವೆಂದು ಅರ್ಥ. ಸಾಧನ ಬಹಳ ಕಡೆ ಬಳಕೆಯಲ್ಲಿದೆ, ಒಳ್ಳೆಯದೇ. ಆದರೆ ಅದು ಕೇಳುವುದು ಕಳೆದ ಒಂದು ತಿಂಗಳ ನಿದ್ರೆಯನ್ನು. ವಾರಕ್ಕೊಮ್ಮೆ ಪಾಳಿ ಬದಲಾಗುವ ದಾದಿಯ ಒಂದು ತಿಂಗಳಲ್ಲಿ ಹಗಲು ಪಾಳಿಯ ವಾರಗಳೂ ರಾತ್ರಿ ಪಾಳಿಯ ವಾರಗಳೂ ಬೆರೆತಿರುತ್ತವೆ. ಆಕೆಯ ಒಟ್ಟು ಅಂಕ ಯಾವ ಪಾಳಿಯ ನಿದ್ರೆಯನ್ನು ಹೇಳುತ್ತಿದೆ? ನಮ್ಮ ಪ್ರಶ್ನೆ ಇರುವುದು ರಾತ್ರಿ ಪಾಳಿಯ ನಂತರದ ಹಗಲು ನಿದ್ರೆಯ ಅವಧಿಯ ಬಗ್ಗೆ. ಅದಕ್ಕೆ ಮಲಗಿದ ಹೊತ್ತು ಮತ್ತು ಎದ್ದ ಹೊತ್ತನ್ನು ದಿನದಿನವೂ ಬರೆದಿಡುವ ಸರಳವಾದ ನಿದ್ರಾ ದಿನಚರಿಯೇ ಹೆಚ್ಚು ಸೂಕ್ತ. ಹೆಸರುವಾಸಿಯಾದ ಸಾಧನವನ್ನು ಮೊದಲು ಹಿಡಿದು ಪ್ರಶ್ನೆಯನ್ನು ಅದಕ್ಕೆ ತಕ್ಕಂತೆ ಬಗ್ಗಿಸಿದ ಸಂಪ್ರಬಂಧಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳ ಚರ್ಚೆಯ ಅಧ್ಯಾಯವು ಕೇಳಿದ್ದನ್ನು ಬಿಟ್ಟು ಬೇರೆಲ್ಲವನ್ನೂ ಹೇಳುತ್ತದೆ.

ಮಾಹಿತಿ ಸಂಗ್ರಹಕ್ಕೆ ಹೊರಡುವ ಮುನ್ನ ಫಲಿತಾಂಶದ ಕೋಷ್ಟಕವನ್ನು ಖಾಲಿಯಾಗಿಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ. ಅಡ್ಡಸಾಲಿನಲ್ಲಿ ಎರಡು ಗುಂಪು, ಕಂಬಸಾಲಿನಲ್ಲಿ ಸರಾಸರಿ ನಿದ್ರಾವಧಿ, ವಯಸ್ಸು, ಸೇವೆಯ ವರ್ಷಗಳು ಎಂದು ಚೌಕ ಹಾಕಿದಾಗ, ಯಾವ ಚೌಕವನ್ನು ತುಂಬುವ ಪ್ರಶ್ನೆಯನ್ನು ಕೇಳಲು ಮರೆತಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ. ಯಾವ ಚೌಕಕ್ಕೂ ಸೇರದ ಪ್ರಶ್ನೆಗಳು ಪ್ರಶ್ನಾವಳಿಯಲ್ಲಿದ್ದರೆ ಅವನ್ನು ಕಿತ್ತುಹಾಕಬಹುದು. ಅನಂತರ ನಾಲ್ಕೈದು ಮಂದಿಯ ಮೇಲೆ ಪ್ರಾಯೋಗಿಕವಾಗಿ ಬಳಸಿ ನೋಡಿದರೆ, ಅರ್ಥವಾಗದ ಪದಗಳೂ ಬೇಸರ ತರಿಸುವ ಉದ್ದವೂ ಗೊತ್ತಾಗುತ್ತವೆ.

ಬರವಣಿಗೆಯನ್ನು ಮೊದಲ ಅಧ್ಯಾಯದಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ಸಂಶೋಧನ ವಿಧಾನದ ಅಧ್ಯಾಯವನ್ನು ಕೆಲಸ ನಡೆಯುತ್ತಿರುವಾಗಲೇ ಬರೆಯುವುದು ಲೇಸು, ಏಕೆಂದರೆ ಯಾರನ್ನು ಏಕೆ ಕೈಬಿಟ್ಟೆವು ಎಂಬಂತಹ ಸಣ್ಣ ತೀರ್ಮಾನಗಳು ಮೂರು ತಿಂಗಳ ಬಳಿಕ ನೆನಪಿರುವುದಿಲ್ಲ. ಅದರ ನಂತರ ಫಲಿತಾಂಶ, ಆಮೇಲೆ ಚರ್ಚೆ, ಕೊನೆಯಲ್ಲಿ ಪ್ರಸ್ತಾವನೆ. ಸಾರಲೇಖವಂತೂ ಎಲ್ಲಕ್ಕಿಂತ ಕಡೆಗೆ. ಪ್ರಸ್ತಾವನೆಯನ್ನು ಮೊದಲೇ ಬರೆದು ಅಲ್ಲಿ ಕೊಟ್ಟ ಮಾತುಗಳನ್ನು ಉಳಿಸಿಕೊಳ್ಳಲು ಒದ್ದಾಡುವುದಕ್ಕಿಂತ ಇದು ಸುಲಭ.

ಚರ್ಚೆಯ ಅಧ್ಯಾಯದಲ್ಲಿ ಒಂದೊಂದು ಕ್ರಿಯಾಪದವನ್ನೂ ತೂಗಿ ಬಳಸಬೇಕು. ‘ವಾರಕ್ಕೊಮ್ಮೆ ಪಾಳಿ ಬದಲಾಗುವುದು ನಿದ್ರೆಯನ್ನು ಹಾಳುಮಾಡುತ್ತದೆ ಎಂದು ಈ ಅಧ್ಯಯನದಿಂದ ಸಾಬೀತಾಗಿದೆ’ ಎಂದು ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ವಾರಕ್ಕೊಮ್ಮೆ ಬದಲಾಗುವವರು ವಯಸ್ಸಿನಲ್ಲಿ ಚಿಕ್ಕವರಾಗಿದ್ದು ಮನೆಯಲ್ಲಿ ಹಸುಗೂಸುಗಳಿದ್ದರೆ ನಿದ್ರೆ ಕಡಿಮೆಯಾಗಲು ಅದೂ ಕಾರಣವಿರಬಹುದು. ‘ಅಧ್ಯಯನಕ್ಕೆ ಒಳಪಟ್ಟ ದಾದಿಯರಲ್ಲಿ ವಾರಕ್ಕೊಮ್ಮೆ ಪಾಳಿ ಬದಲಾಗುವ ಗುಂಪಿನ ಹಗಲು ನಿದ್ರೆಯ ಅವಧಿ ಕಡಿಮೆ ಇರುವುದು ಕಂಡುಬಂದಿದೆ; ಆದರೆ ಎರಡು ಗುಂಪುಗಳ ಕೌಟುಂಬಿಕ ಜವಾಬ್ದಾರಿಗಳನ್ನು ಅಳೆದಿಲ್ಲವಾದ್ದರಿಂದ ಪಾಳಿಯೇ ಇದಕ್ಕೆ ಕಾರಣವೆಂದು ಹೇಳಲಾಗದು’ ಎಂಬ ವಾಕ್ಯ ಉದ್ದವಾದರೂ ಅಲುಗದೆ ನಿಲ್ಲುತ್ತದೆ. ಇಷ್ಟು ಎಚ್ಚರದಿಂದ ಬರೆದರೆ ಅಧ್ಯಯನದ ಮಿತಿಗಳ ಭಾಗವು ಕ್ಷಮಾಪಣೆಯ ಪತ್ರದಂತೆ ಕಾಣುವುದಿಲ್ಲ.

ಮಾರ್ಗದರ್ಶಕರಿಗೆ ಇಡೀ ಕರಡನ್ನು ಒಮ್ಮೆಲೇ ಒಪ್ಪಿಸಿ ‘ದಯವಿಟ್ಟು ನೋಡಿ’ ಎಂದರೆ ಉತ್ತರ ತಡವಾಗಿಯೂ ಮೇಲುಮೇಲಾಗಿಯೂ ಬರುತ್ತದೆ. ಹದಿನೈದು ಪುಟ ಕಳುಹಿಸಿ, ಎರಡನೆಯ ಕೋಷ್ಟಕ ಬೇಕೇ, ಈ ವರ್ಗೀಕರಣ ಸರಿಯೇ ಎಂದು ನಿರ್ದಿಷ್ಟವಾಗಿ ಕೇಳಿದರೆ ನಿರ್ದಿಷ್ಟವಾದ ಸಲಹೆ ಸಿಗುತ್ತದೆ. ಭೇಟಿ ಮುಗಿದ ದಿನವೇ ಏನು ತೀರ್ಮಾನವಾಯಿತೆಂದು ನಾಲ್ಕು ಸಾಲು ಬರೆದು ಅವರಿಗೆ ಕಳುಹಿಸಿಟ್ಟರೆ ಮುಂದೆ ಗೊಂದಲವಾಗುವುದಿಲ್ಲ.

ಕೊನೆಯ ಎರಡು ವಾರಗಳನ್ನು ಹೊಸದಾಗಿ ಏನನ್ನೂ ಬರೆಯದೆ ತಿದ್ದುವುದಕ್ಕೆ ಮಾತ್ರ ಮೀಸಲಿಡಬೇಕು. ಪಠ್ಯದಲ್ಲಿ ಉಲ್ಲೇಖಗೊಂಡ ಪ್ರತಿಯೊಂದು ಆಕರವೂ ಕೊನೆಯ ಪಟ್ಟಿಯಲ್ಲಿದೆಯೇ, ಪಟ್ಟಿಯಲ್ಲಿರುವ ಪ್ರತಿಯೊಂದೂ ಪಠ್ಯದಲ್ಲಿದೆಯೇ ಎಂದು ಎರಡು ಕಡೆಯಿಂದಲೂ ತಾಳೆ ನೋಡಬೇಕು. ಸಂಖ್ಯೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಸಾರಲೇಖದಲ್ಲಿ 60 ದಾದಿಯರು, ವಿಧಾನದ ಅಧ್ಯಾಯದಲ್ಲಿ 62, ಕೋಷ್ಟಕದ ಮೊತ್ತದಲ್ಲಿ 58 ಎಂದಿದ್ದರೆ ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.