‘ಆಮೇಲೆ ಏನಾಯ್ತು?’ ಕೇಳಿ, ಸುಮ್ನೆ ಕಾಯಿರಿ

ಮೂರು ವರ್ಷದ ಮಗುವಿಗೆ ‘ಒಂದು ಕಥೆ ಹೇಳು’ ಅಂದರೆ ಅದು ನಮ್ಮ ಮುಖ ನೋಡುತ್ತದೆ. ಅದೇ ಮಗು ನಿನ್ನೆ ಮೊಣಕಾಲು ತರಚಿಕೊಂಡಿದ್ದನ್ನು ಹತ್ತು ಸಲ ಹೇಳುತ್ತದೆ. ಮಗುವಿಗೆ ಕಥೆ ಹೇಳಲು ಕಲಿಸುವಾಗ ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಮೊದಲು, ನಡೆದದ್ದನ್ನು ಹೇಳಿಸಿ. ಎಲ್ಲಿ ಬಿದ್ದೆ? ಜೊತೆಗೆ ಯಾರಿದ್ದರು? ಆಮೇಲೆ? ‘ಯಾಕೆ’ ಎಂಬ ಪ್ರಶ್ನೆ ಸ್ವಲ್ಪ ತಡವಾಗಿ ಬರಲಿ, ಪುಟ್ಟ ಮಕ್ಕಳಿಗೆ ಅದು ಕಷ್ಟ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆರಕ್ಕೆ ಬರುವಷ್ಟರಲ್ಲಿ ನಾವೇ ಉತ್ತರ ಹೇಳಿಬಿಡುತ್ತೇವೆ, ಅಲ್ವಾ?

ನಂತರ ಮೂರು ಚಿತ್ರ ಬರೆಯಿರಿ: ಮೊಟ್ಟೆ, ಬಿರುಕು ಬಿಟ್ಟ ಮೊಟ್ಟೆ, ಮರಿ. ಕಲಸಿ ಕೊಡಿ, ಮಗು ಜೋಡಿಸಲಿ. ‘ಮೊದಲು’, ‘ಆಮೇಲೆ’, ‘ಕೊನೆಗೆ’ ಎಂಬ ಮಾತುಗಳು ಇಲ್ಲಿ ತಾವಾಗಿಯೇ ಬರುತ್ತವೆ. ನಾಲ್ಕು ವರ್ಷದವರು ಹಿಂದೆ ಮುಂದೆ ಹೇಳಿದರೆ ಗಾಬರಿ ಬೇಡ. ಐದರ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಕ್ರಮ ಸಿಗುತ್ತದೆ.

ಮಕ್ಕಳು ಕೇಳಿದ ಕಥೆಯನ್ನೇ ಮತ್ತೆ ಹೇಳಿ ಅನ್ನುತ್ತಾರೆ. ಬೇಸರವಾದರೂ ಓದಿ, ನಡುವೆ ನಿಲ್ಲಿಸಿ. ಮುಂದಿನದು ಅವರ ಪಾಲು.

ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಶಿಕ್ಷಕಿ ವಿವಿಯನ್ ಪೇಲಿ ತಮ್ಮ ತರಗತಿಯಲ್ಲಿ ಬಳಸುತ್ತಿದ್ದ ರೀತಿ. ಮಗು ಹೇಳುತ್ತದೆ, ದೊಡ್ಡವರು ಬರೆದುಕೊಳ್ಳುತ್ತಾರೆ, ಆಮೇಲೆ ಮಕ್ಕಳೆಲ್ಲ ಸೇರಿ ಅದನ್ನು ನಾಟಕದಂತೆ ಆಡುತ್ತಾರೆ. ‘ನಾಯಿ ಬಂತು. ನಾನು ಓಡಿದೆ. ನಾಯಿ ಮಲಗಿತು.’ ಇಷ್ಟೇ ಇದ್ದರೂ ಸಾಕು. ಮಗುವಿನ ಮಾತನ್ನು ಹಾಗೇ ಬರೆಯಿರಿ. ‘ನಾಯಿಗೆ ಸುಸ್ತಾಗಿತ್ತಾ?’ ಎಂದು ನಮ್ಮದೊಂದು ಸಾಲು ತುರುಕುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಬರೆದದ್ದನ್ನು ಬೆರಳಿಟ್ಟು ಓದಿ ತೋರಿಸಿ. ‘ಅಲ್ಲ, ಕಪ್ಪು ನಾಯಿ!’ ಎಂದು ಮಗುವೇ ತಿದ್ದುತ್ತದೆ. ಆಗ ‘ಕಪ್ಪು’ ಸೇರಿಸಿ.

ಆಟಕ್ಕೆ ವೇಷ, ಸಾಮಾನು ಏನೂ ಬೇಡ. ಕಥೆ ಹೇಳಿದ ಮಗು ತನಗೆ ಬೇಕಾದ ಪಾತ್ರ ಆರಿಸಿಕೊಳ್ಳಲಿ. ನೀವು ನಿಧಾನವಾಗಿ ಓದುತ್ತಾ ಹೋಗಿ. ಎರಡು ನಿಮಿಷದಲ್ಲಿ ಮುಗಿಯುತ್ತದೆ, ಮುಗಿದ ಕೂಡಲೇ ‘ಇನ್ನೊಂದ್ಸಲ’ ಎಂಬ ಕೂಗು ಏಳುತ್ತದೆ.

ಬಾಯಿ ಬಿಡದ ಮಗುವಿದ್ದರೆ? ಒತ್ತಾಯ ಮಾಡಬೇಡಿ. ಹಳೆಯ ಕಾಲುಚೀಲಕ್ಕೆ ಕಣ್ಣಿನಂತೆ ಎರಡು ಗುಂಡಿ ಹೊಲಿದು ಮಗುವಿನ ಕೈಗೆ ಹಾಕಿ. ಪ್ರಶ್ನೆಯನ್ನು ಮಗುವಿಗಲ್ಲ, ಕಾಲುಚೀಲಕ್ಕೆ ಕೇಳಿ.