ಸತ್ತಿದೆ ಅಂದಿದ್ದ ಬೋರಿಂಗಲ್ಲಿ ನೀರು ಬಂತು

ನಮ್ಮೂರ ಅರಳಿಕಟ್ಟೆ ಪಕ್ಕದ ಬೋರಿಂಗು, ಅಂದರೆ ಕೈಪಂಪು, ಆರು ವರ್ಷ ಸುಮ್ನೆ ನಿಂತಿತ್ತು. ‘ಗುಜರಿಗೆ ಹಾಕು, ನಾಕು ಕಾಸಾದರೂ ಸಿಗುತ್ತೆ’ ಅಂದವರೇ ಈಗ ಬಿಂದಿಗೆ ಹಿಡಿದು ಬರುತ್ತಾರೆ. ಸ್ವಲ್ಪ ಜಂಬ ಇದೆ ನನಗೆ, ಇರಲಿ ಬಿಡಿ.

ಎಲ್ಲರದೂ ಒಂದೇ ಮಾತು: ಕೆಳಗೆ ನೀರಿಲ್ಲ. ನಾನು ಹಿಡಿಗೂ ಒಳಗಿನ ರಾಡಿಗೂ ನಡುವಿನ ಚೈನಿಗೆ ಎಣ್ಣೆ ಬಿಟ್ಟು ಎಪ್ಪತ್ತು ಸಲ ಹೊಡೆದೆ. ರಾಡು ತುಂಡಾಗಿದ್ದರೆ ಹಿಡಿ ಹಗುರಾಗಿ ಆಡುತ್ತೆ, ಗೊತ್ತಲ್ವಾ. ಇಲ್ಲಿ ಭಾರ ಇತ್ತು. ಕೊನೆಗೆ ಒಂದು ಲೋಟದಷ್ಟು ಕೆಂಪು ನೀರು ಬಂತು. ಐದು ನಿಮಿಷ ಬಿಟ್ಟು ಹೊಡೆದರೆ ಮತ್ತೆ ಮೊದಲಿಂದ. ಅಂದರೆ ನೀರಿದೆ, ಪೈಪಲ್ಲಿ ನಿಲ್ಲುತ್ತಿಲ್ಲ.

ಮೂರು ಕಾಲಿನ ಟ್ರೈಪಾಡ್ ಹಾಕಿ ಹದಿನಾಲ್ಕು ಪೈಪು ಎತ್ತಲು ಎರಡೂವರೆ ದಿನ ಹಿಡಿಯಿತು. ಪೈಪಿಗೆ ಪೈಪು ಸೇರಿಸುವ ಕಪ್ಲಿಂಗ್‌ಗಳು ತುಕ್ಕಿಗೆ ಬೆಸೆದುಕೊಂಡಿದ್ದವು. ಅವನ್ನು ಬಿಡಿಸಲು ಏನು ಸವರಿದೆ ಅಂತ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ಒಂಬತ್ತು ಪೈಪಲ್ಲಿ ತೂತು, ಎಲ್ಲವೂ ಥ್ರೆಡ್ ಪಕ್ಕದಲ್ಲೇ. ಥ್ರೆಡ್ ಹೊಡೆದ ಕಡೆ ಸತುವಿನ ಲೇಪ ಹೋಗಿರುತ್ತೆ, ತುಕ್ಕು ಅಲ್ಲಿಂದಲೇ ಶುರು.

ದುಡ್ಡು ಉಳಿಸೋಣ ಅಂತ ಪಿವಿಸಿ ಇಳಿಸಿದ್ದು ನನ್ನ ಮೊದಲ ದಡ್ಡತನ. ಹನ್ನೊಂದನೇ ದಿನ ಥ್ರೆಡ್ ಕಿತ್ತುಕೊಂಡು, ತಳದಲ್ಲಿ ನೀರು ಎತ್ತುವ ಸಿಲಿಂಡರ್ ಸಮೇತ ಕೆಳಗೆ ಹೋಯಿತು. ಕೊಕ್ಕೆ ಹಾಕಿ ಮೇಲೆತ್ತಲು ಕೂಲಿಯೇ ಮೂರು ಸಾವಿರ ಚಿಲ್ಲರೆ. ಆಮೇಲೆ ಹಳೇ ಜಿಐ (ಸತು ಲೇಪದ ಕಬ್ಬಿಣ) ಪೈಪು ಹುಡುಕಿ ತಂದೆ, ಅದಕ್ಕೊಂದು ಐದೂವರೆ ಸಾವಿರ.

ಇನ್ನೊಂದು ಹುಚ್ಚು, ಚೈನು ಸವೆದಿದೆ ಅಂತ ಸೈಕಲ್ ಚೈನು ಹಾಕಿದ್ದು. ಎರಡೇ ದಿನಕ್ಕೆ ಪಟ್ ಅಂತು. ಈ ಮಷೀನಿನ ಮರ್ಯಾದೆಯೇ ಚೈನಲ್ಲಿದೆ. ಮುಂಚೆ ಊರೂರಿಗೆ ಹಾಕುತ್ತಿದ್ದ ಎರಕದ ಪಂಪು ಒಂದು ಮನೆಗೆ ಸಾಕಾಗುವಂಥದ್ದು. ಇಡೀ ಊರು ಹೊಡೆದರೆ ಪಿನ್ನು ಸವೆದು, ರಾಡು ಓರೆಯಾಗಿ, ಬೇಗ ಮೂಲೆ ಸೇರುತ್ತಿತ್ತು. ಸೋಲಾಪುರದ ಕಡೆ ಉಕ್ಕಿನ ತಲೆ ಮಾಡಿ ಚೈನು ಕೂರಿಸಿದರು, ರಾಡು ನೆಟ್ಟಗೆ ಮೇಲೆ ಬಂತು. ಅದನ್ನೇ ತಿದ್ದಿ 1970ರ ದಶಕದಲ್ಲಿ ಸರ್ಕಾರ ಮತ್ತು ಯುನಿಸೆಫ್ ಸೇರಿ ಇಂಡಿಯಾ ಮಾರ್ಕ್ 2 ಮಾಡಿದ್ದು. ಆ ಕಬ್ಬಿಣದ ಹಿಡಿ ಅಷ್ಟು ತೂಕ ಯಾಕೆ ಅಂತ ಹುಡುಗರು ಕೇಳುತ್ತಾರೆ. ಕೆಳಗಿನ ರಾಡಿನ ತೂಕಕ್ಕೆ ಅದೇ ತಕ್ಕಡಿಯ ಇನ್ನೊಂದು ತಟ್ಟೆ. ಯಾರೋ ಅದನ್ನು ತೆಗೆದು ಪೈಪಿನ ಹಿಡಿ ಹಾಕಿದ್ದನ್ನು ಒಂದು ಊರಲ್ಲಿ ನೋಡಿದ್ದೇನೆ, ಹೊಡೆಯೋ ಹೆಂಗಸರ ತೋಳು ಬಿದ್ದುಹೋಗುತ್ತಿತ್ತು.

ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುತ್ತಾ ನೀರು ಸೋರದ ಹಾಗೆ ಹಿಡಿಯುವ ವಾಸರ್ ವಿಷಯದಲ್ಲೂ ಆಟ ಆಡಿದೆ. ಚರ್ಮ ಕತ್ತರಿಸಿ, ಬಟ್ಟಲಿನ ಹಾಗೆ ಒತ್ತಿ, ರಾತ್ರಿಯಿಡೀ ಹರಳೆಣ್ಣೆಯಲ್ಲಿ ನೆನೆಸಿಟ್ಟೆ. ಮೊದಲ ವಾರ ಬೆಣ್ಣೆ ಹಾಗೆ ಓಡಿತು. ಆಮೇಲೆ ಊದಿಕೊಂಡು ಸಿಲಿಂಡರಿನ ಹಿತ್ತಾಳೆ ಗೋಡೆಗೆ ಕಚ್ಚಿತು. ಮತ್ತೆ ಪೈಪೆಲ್ಲ ಎತ್ತು! ಆಮೇಲೆ ಬಂದ ಮಾರ್ಕ್ 3 ಆಗಿದ್ದರೆ ಪೈಪು ಮುಟ್ಟದೆ ರಾಡು ಹಿಡಿದೇ ವಾಸರ್ ಮೇಲೆ ಎಳೆಯಬಹುದಿತ್ತು, ನಮ್ಮ ಹಣೆಬರಹ ಮಾರ್ಕ್ 2. ಕೊನೆಗೆ ನೈಟ್ರೈಲ್ ರಬ್ಬರ್ ವಾಸರ್ ಹಾಕಿದೆ. ಅದನ್ನು ಕೂರಿಸುವಾಗ ಒಂದು ಸಣ್ಣ ಕೈಚಳಕ ಇದೆ, ಎದುರಿಗೆ ಸಿಕ್ಕರೆ ತೋರಿಸುತ್ತೇನೆ.

ಎಲ್ಲಾ ಸೇರಿ ಹನ್ನೆರಡು ಸಾವಿರ ಆಗಿರಬೇಕು, ದಡ್ಡತನದ್ದೂ ಸೇರಿಸಿ. ಎರಡು ದಿನ ತುಕ್ಕಿನ ನೀರು ಬಂತು, ಮೂರನೇ ದಿನ ತಿಳಿಯಾಯಿತು. ಈಗ ನಾಲ್ಕನೇ ಹೊಡೆತಕ್ಕೆ ನೀರು. ಅರ್ಧ ದುಡ್ಡು ನಾವು ಹಾಕುತ್ತೇವೆ ಅಂದಿದ್ದವರು ದಿನಾ ಎರಡು ಬಿಂದಿಗೆ ಒಯ್ಯುತ್ತಾರೆ, ದುಡ್ಡಿನ ಮಾತು ಮಾತ್ರ ಎತ್ತುತ್ತಿಲ್ಲ.