ರಾತ್ರಿ ತುಂಬಿದ್ದ ಬ್ಯಾಟರಿ ಬೆಳಿಗ್ಗೆ ಖಾಲಿ: ಸೋರಿಕೆ ಹುಡುಕಿದ್ದು ಹೀಗೆ

ಬೆಳಿಗ್ಗೆ ಕಾರು ಸೆಲ್ಫ್ ತಗೊಳ್ಳಲಿಲ್ಲ ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬ್ಯಾಟರಿ ಹೋಗಿದೆ, ಬದಲಾಯಿಸಿ." ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಭಾವ ಕೂಡ ಹಾಗೇ ಮಾಡಿದ್ದರು. ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ ಕಾರು ಅದು. ಹೊಸ ಬ್ಯಾಟರಿ ಹಾಕಿಸಿದ ಮೇಲೂ ಅದೇ ಪಾಡು. ಕೀ ತಿರುಗಿಸಿದರೆ ಕಟಕಟ ಸದ್ದು, ಅಷ್ಟೇ. ನಾನು ಮಂಡ್ಯದಲ್ಲಿ ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುತ್ತೇನೆ. "ನೀನೇ ಒಂದ್ಸಲ ಬಂದು ನೋಡಪ್ಪ" ಅಂದರು.

ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಬಗ್ಗೆ ನನಗೆ ಮೊದಲೇ ಅನುಮಾನ ಕಡಿಮೆ ಇತ್ತು. ದಿನಾ ಹೂಟಗಳ್ಳಿಯವರೆಗೆ ಮಾತ್ರ ಹೋಗಿಬರುವ ಕಾರು ಸರಿಯಾಗಿ ಚಾರ್ಜ್ ಆಗದೇ ಇರಬಹುದು. ಆದರೆ ಭಾವ ಮಂಡ್ಯಕ್ಕೆ ನಮ್ಮ ಮನೆಗೆ ಬಂದು ವಾಪಸ್ ಹೋದ ಮರುದಿನವೂ ಹೀಗೇ ಆಗಿತ್ತು. ಅಷ್ಟು ದೂರ ಓಡಿದರೆ ಬ್ಯಾಟರಿ ತುಂಬಲೇಬೇಕು. ಆದರೂ ಎಂಜಿನ್ ಸ್ಟಾರ್ಟ್ ಮಾಡಿಸಿ ಬ್ಯಾಟರಿ ಮೇಲೆ ಮೀಟರ್ ಇಟ್ಟೆ. 14.2 ವೋಲ್ಟ್. 13.8ರಿಂದ 14.5ರ ಒಳಗಿದ್ದರೆ ಚಾರ್ಜಿಂಗ್ ಸರಿ ಇದೆ ಅಂತ ಲೆಕ್ಕ.

ಇನ್ನು ಉಳಿದಿದ್ದು ಎರಡೇ. ಒಂದೋ ಬ್ಯಾಟರಿ ತಾನೇ ಇಳಿಯುತ್ತಿದೆ, ಇಲ್ಲ ಕಾರು ಅದನ್ನು ಕುಡಿಯುತ್ತಿದೆ. ಇದನ್ನು ತಿಳಿಯೋಕೆ ದೊಡ್ಡ ಯಂತ್ರವೇನೂ ಬೇಡ. ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಿಗ್ಗೆ ನೋಡಿದರೆ 12.6 ವೋಲ್ಟ್. ಚೆನ್ನಾಗಿರುವ ಬ್ಯಾಟರಿ ತೋರಿಸಬೇಕಾದಷ್ಟೇ. ಅಲ್ಲಿಗೆ ಬ್ಯಾಟರಿ ತಪ್ಪಿತಸ್ಥ ಅಲ್ಲ ಅಂತಾಯ್ತು. ಹೊಸದಕ್ಕೆ ದುಡ್ಡು ಕೊಡುವ ಮೊದಲೇ ಈ ಪರೀಕ್ಷೆ ಮಾಡಬಹುದಿತ್ತು, ಅಲ್ವಾ?

ಇಲ್ಲೇ ಒಂದು ಲೆಕ್ಕ ಹಾಕಿದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಅದು 35 ಆಂಪಿಯರ್-ಅವರ್ ಬ್ಯಾಟರಿ, ಅಂದರೆ 1 ಆಂಪಿಯರ್‌ನಂತೆ ಎಳೆದರೆ 35 ಗಂಟೆ ಬರುವಷ್ಟು. ರಾತ್ರಿ 8ಕ್ಕೆ ನಿಲ್ಲಿಸಿದರೆ ಬೆಳಿಗ್ಗೆ 7ಕ್ಕೆ 12 ವೋಲ್ಟ್‌ಗಿಂತ ಕೆಳಗೆ, ಅಂದರೆ ಮುಕ್ಕಾಲು ಭಾಗ ಖಾಲಿ. 11 ಗಂಟೆಯಲ್ಲಿ ಇಷ್ಟು ಇಳಿಯಬೇಕಾದರೆ 2ರಿಂದ 2.5 ಆಂಪಿಯರ್ ಹರಿಯುತ್ತಿರಲೇಬೇಕು. ಡಿಕ್ಕಿಯಲ್ಲಿರುವ 5 ವ್ಯಾಟ್ ಬಲ್ಬ್ ಎಳೆಯುವುದು 0.4 ಆಂಪಿಯರ್. ರಾತ್ರಿಯಿಡೀ ಉರಿದರೂ ಒಳ್ಳೆ ಬ್ಯಾಟರಿ ತಡೆದುಕೊಳ್ಳುತ್ತದೆ. ಗಡಿಯಾರ, ಅಲಾರಂ ಎಲ್ಲ ಸೇರಿ 0.02ರಿಂದ 0.05 ಆಂಪಿಯರ್ ಸಹಜ. ಹಾಗಾಗಿ ಸಣ್ಣಪುಟ್ಟದ್ದನ್ನು ಹುಡುಕಿ ಸುಮ್ನೆ ಟೈಮ್ ಹಾಳು ಮಾಡಲಿಲ್ಲ.

ಮೀಟರ್ ಜೋಡಿಸುವಾಗ ಸ್ವಲ್ಪ ಎಚ್ಚರ ಬೇಕು. ಮೀಟರ್‌ನ ಕೆಂಪು ವೈರನ್ನು ಅದರ 10 ಆಂಪಿಯರ್ ತೂತಿಗೆ ಹಾಕಿ. ನೆಗೆಟಿವ್ ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ಮೀಟರ್ ಬರಬೇಕು. ಕ್ಲಿಪ್‌ಗಳನ್ನು ಮೊದಲು ಕಚ್ಚಿಸಿ, ಆಮೇಲೆ ಕೇಬಲ್ ಎತ್ತಿ. ಹಾಗೆ ಮಾಡಿದರೆ ಕಾರಿಗೆ ಕರೆಂಟ್ ತಪ್ಪುವುದಿಲ್ಲ, ಕೆಲಸ ನಿಲ್ಲಿಸಿ ಮಲಗಿದ್ದ ಕಾರಿನೊಳಗಿನ ಸಣ್ಣ ಕಂಪ್ಯೂಟರ್‌ಗಳು ಏಳುವುದಿಲ್ಲ. ಮೀಟರ್ ನಡುವೆ ಇರುವಾಗ ಯಾರೂ ಕೀ ತಿರುಗಿಸಬಾರದು. ತಿರುಗಿಸಿದರೆ ಮೀಟರ್‌ನ ಫ್ಯೂಸ್ ಢಮಾರ್. ಅದಕ್ಕೇ ಕೀಯನ್ನು ಅಕ್ಕನ ಕೈಗೆ ಕೊಟ್ಟು ಒಳಗೆ ಕಳಿಸಿದ್ದೆ. ಕರೆಂಟ್ ಕೆಲಸದವರ ಹತ್ತಿರ ಇರುವ ಮಾಮೂಲಿ ಕ್ಲಾಂಪ್ ಮೀಟರ್ ಇಲ್ಲಿ ನಡೆಯಲ್ಲ, ಅದು ಮನೆಗೆ ಬರುವ ಎಸಿ ಕರೆಂಟ್ ಮಾತ್ರ ಅಳೆಯುತ್ತದೆ, ಬ್ಯಾಟರಿಯದ್ದು ಡಿಸಿ.

ಬಾಗಿಲು ತೆರೆದೇ ಇಟ್ಟು, ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಸಿದೆ. ಬಾಗಿಲು ಹಾಕಿದೆ ಅಂತ ಕಾರು ನಂಬಬೇಕು, ಒಳಗಿನ ಫ್ಯೂಸ್ ಡಬ್ಬಿ ನಮ್ಮ ಕೈಗೂ ಸಿಗಬೇಕು. ಮೊದಲು 4 ಆಂಪಿಯರ್ ತೋರಿಸಿತು. "ಸಿಕ್ತಲ್ಲ!" ಅಂದರು ಭಾವ. "ಇನ್ನೂ ಇಲ್ಲ ಭಾವ, ಕಾರು ನಿದ್ದೆ ಮಾಡ್ಲಿ, ಆಮೇಲೆ ನೋಡೋಣ" ಅಂದೆ. ಈಗಿನ ಕಾರುಗಳು ಪೂರ್ತಿ ಮಲಗೋಕೆ ಅರ್ಧ ಗಂಟೆ, ಕೆಲವು ಸಲ ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತವೆ. ಕಾಫಿ ಕುಡಿದು ಬಂದು ನೋಡಿದಾಗ 1.9ಕ್ಕೆ ಇಳಿದು ಅಲ್ಲೇ ನಿಂತಿತ್ತು. ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು.

ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುವುದು ಹಳೆಯ ಪದ್ಧತಿ. ನನಗೆ ಅದು ಇಷ್ಟ ಇಲ್ಲ. ಕಿತ್ತು ಹಾಕುವಾಗ ಮಲಗಿದ್ದದ್ದೆಲ್ಲ ಮತ್ತೆ ಎದ್ದು ಕೂರುತ್ತದೆ. ಫ್ಯೂಸ್ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಇನ್ನೊಂದು ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಅವನ್ನು ಮುಟ್ಟಿಸಿದರೆ ಸಾಕು. ಸೊನ್ನೆ ಬಂದರೆ ಆ ದಾರಿಯಲ್ಲಿ ಹೇಳಿಕೊಳ್ಳುವಂಥ ಕರೆಂಟ್ ಇಲ್ಲ. ಒಂದೆರಡು ಆಂಪಿಯರ್ ಇದ್ದರೆ ಕೆಲವು ಮಿಲಿವೋಲ್ಟ್ ಕಾಣಲೇಬೇಕು.

ಒಳಗಿನ ಡಬ್ಬಿ, ಬಾನೆಟ್ ಕೆಳಗಿನ ಡಬ್ಬಿ ಎರಡನ್ನೂ ಮುಗಿಸಿದೆ. ಎಲ್ಲೂ ಏನೂ ಇಲ್ಲ. ಆದರೆ ಮೊದಲ ಮೀಟರ್‌ನಲ್ಲಿ 1.9 ಹಾಗೇ ಇದೆ! ಅಂದರೆ ಕಳ್ಳ ಫ್ಯೂಸ್ ಡಬ್ಬಿಗೆ ಬಾರದೆ, ನೇರವಾಗಿ ಬ್ಯಾಟರಿಯಿಂದಲೇ ಎಳೆಯುತ್ತಿದ್ದಾನೆ. ಪಾಸಿಟಿವ್ ಟರ್ಮಿನಲ್ ಮೇಲಿನ ಮುಚ್ಚಳ ಎತ್ತಿದರೆ, ಕಂಪನಿ ವೈರ್‌ಗಳ ಜೊತೆಗೆ ದಪ್ಪನೆಯ ಬೇರೊಂದು ಕೆಂಪು ವೈರ್. ಅದರದ್ದೇ ಒಂದು ಫ್ಯೂಸ್. ಅದನ್ನು ಕಿತ್ತ ತಕ್ಷಣ 0.03ಕ್ಕೆ ಬಿತ್ತು. ಆಗಲೂ ಬೀಳದಿದ್ದರೆ ನಾನು ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ನೋಡುತ್ತಿದ್ದೆ. ಅದರೊಳಗೆ ಕರೆಂಟ್ ಒಂದೇ ಕಡೆ ಹರಿಯುವಂತೆ ನೋಡಿಕೊಳ್ಳುವ ಡಯೋಡ್ ಕೆಟ್ಟರೆ ಚಾರ್ಜಿಂಗ್ ಚೆನ್ನಾಗಿದ್ದೂ ರಾತ್ರಿ ಸೋರಬಹುದು.

ಆ ವೈರ್ ಹೋಗಿ ಮುಟ್ಟಿದ್ದು ಪಕ್ಕದ ಸೀಟಿನ ಅಡಿಗೆ. ಅಲ್ಲಿ ಹಿಂದಿನ ಓನರ್ ಹಾಕಿಸಿದ್ದ, ಸ್ಪೀಕರ್ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್! ಭಾವನಿಗೆ ಅದು ಇರುವುದೇ ಗೊತ್ತಿರಲಿಲ್ಲ. ಮುಟ್ಟಿದರೆ ಬಿಸಿ. ಆಂಪ್ಲಿಫೈಯರ್ ಆನ್ ಆಗಲು ಸ್ಟೀರಿಯೋದಿಂದ ನೀಲಿ-ಬಿಳಿ ವೈರ್‌ನಲ್ಲಿ ಸಿಗ್ನಲ್ ಬರಬೇಕು. ಇದನ್ನು ಕೂಡಿಸಿದವರು ಆ ವೈರನ್ನು ಸ್ಟೀರಿಯೋದ ಹಳದಿ ವೈರ್‌ಗೆ ಸುತ್ತಿ ಟೇಪ್ ಹಚ್ಚಿದ್ದರು. ಹಳದಿಯಲ್ಲಿ ಯಾವಾಗಲೂ 12 ವೋಲ್ಟ್ ಇರುತ್ತದೆ. ಕಾರು ಮಲಗಿದರೂ ಆಂಪ್ಲಿಫೈಯರ್ ಮಾತ್ರ ಎಚ್ಚರ.

ಟೇಪ್ ಬಿಚ್ಚಿ, ಸ್ಟೀರಿಯೋ ಹಿಂದಿನ ನೀಲಿ-ಬಿಳಿ ವೈರ್‌ಗೆ ಬೆಸುಗೆ ಹಾಕಿದೆ. ಕಾರು ಮಲಗಿದ ಮೇಲೆ ಮತ್ತೆ ಅಳೆದೆ, 0.03. ಆಮೇಲೆ 3 ಆಂಪಿಯರ್ ಚಾರ್ಜರ್‌ನಲ್ಲಿ ನಿಧಾನಕ್ಕೆ ಬ್ಯಾಟರಿ ತುಂಬಿಸಿದೆವು. ಪದೇ ಪದೇ ಪೂರ್ತಿ ಇಳಿದ ಬ್ಯಾಟರಿಯ ಆಯಸ್ಸು ಸ್ವಲ್ಪ ಕಡಿಮೆಯಾಗಿಯೇ ಇರುತ್ತದೆ ಅಂತ ಭಾವನಿಗೆ ಹೇಳಿದ್ದೇನೆ. ಆಂಪ್ಲಿಫೈಯರ್ ತೆಗೆಸಿಬಿಡೋಣ ಅಂತ ಅವರ ಆಸೆ. ಮಗ ಒಪ್ಪುತ್ತಿಲ್ಲ.